ಬೋರಕ್ಕನ ಅಳು

ಗಾಡಿಯಿಂದ ಇಳಿದ ಬೋರಮ್ಮ ಸೆರಗು ಸರಿಮಾಡಿಕೊಳ್ಳುತ್ತ ಅಂಗಳಕ್ಕೆ ಕಾಲಿಟ್ಟಾಗ, ಅಲ್ಲಿ ಕೂತಿದ್ದ ಹೆಂಗಸರು ಅತ್ತಿತ್ತ ಸರಿದು ದಾರಿ ಬಿಟ್ಟರು. ದಾರಿ ಬಿಟ್ಟವರಲ್ಲಿ ಒಬ್ಬಳೂ ಅವಳ ಕಣ್ಣು ನೋಡಲಿಲ್ಲ. ಎಲ್ಲರೂ ನೋಡಿದ್ದು ಅವಳ ಬಾಯನ್ನು.

ಜಗಲಿಯ ಮೇಲೆ ಅವಳ ತಮ್ಮ ಚಿಕ್ಕಹನುಮಯ್ಯನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ತಲೆಗೆ ರುಮಾಲು ಸುತ್ತಿ, ಹಣೆಗೆ ನಾಮ ಇಟ್ಟು, ಬಾಯಿ ತೆರೆದುಕೊಳ್ಳದ ಹಾಗೆ ಗಲ್ಲದಿಂದ ನೆತ್ತಿಯವರೆಗೆ ಬಿಳಿ ಬಟ್ಟೆ ಕಟ್ಟಿದ್ದರು. ತುಮಕೂರಿನಿಂದ ದಾವಣಗೆರೆಯವರೆಗೆ ಊರೂರು ತಿರುಗಿ, ಜನ ಹೊಟ್ಟೆ ಹಿಡಿದುಕೊಂಡು ನಗುವ ಹಾಗೆ ಮಾಡಿದ ಬಾಯಿ ಅದು. ಇವತ್ತು ಎದುರಿಗೆ ಇಷ್ಟೊಂದು ಜನ ಸೇರಿದ್ದರೂ ಸುಮ್ಮನಿತ್ತು.

ಬೋರಮ್ಮ ಹೋಗಿ ಅವನ ಕಾಲ ಬಳಿ ಕೂತಳು. ಕೂತವಳು ಅಳಲಿಲ್ಲ.

ಕುರುಬರಹಳ್ಳಿಯ ಆ ಹಳೆಯ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಸತ್ತವರು ಯಾರೇ ಆಗಲಿ, ಮೊದಲು ದನಿ ಎತ್ತಬೇಕಾದವಳು ಆ ಮನೆಯಲ್ಲಿ ಹುಟ್ಟಿ ಇನ್ನೊಂದು ಮನೆ ಸೇರಿದ ಹೆಣ್ಣುಮಗಳು. ಸತ್ತವರ ಗುಣವನ್ನು, ಅವರಿಗೂ ತನಗೂ ನಡೆದದ್ದನ್ನು ಅವಳು ರಾಗವಾಗಿ ಹಾಡಿಕೊಂಡು ಅಳಬೇಕು. ಆಮೇಲೆ ಮಿಕ್ಕ ಹೆಂಗಸರು ಅವಳ ಜೊತೆಗೂಡಬೇಕು. ಅಲ್ಲಿಯವರೆಗೆ ಹೆಣ ಎತ್ತುವ ಹಾಗಿಲ್ಲ. ಹನುಮಯ್ಯನ ಪ್ರಾಣ ಹೋದದ್ದು ಬೆಳಗಿನ ಜಾವ. ಕೆಂಗೇರಿಗೆ ಸುದ್ದಿ ಮುಟ್ಟಿ, ಬೋರಮ್ಮ ಗಾಡಿ ಕಟ್ಟಿಸಿಕೊಂಡು ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಅಷ್ಟೂ ಹೊತ್ತು ಹೆಂಗಸರೆಲ್ಲ ಅಳುವನ್ನು ಗಂಟಲಲ್ಲೇ ಇಟ್ಟುಕೊಂಡು ಕಾದಿದ್ದರು.

ಹಿರಿಯಣ್ಣ ದೊಡ್ಡಣ್ಣ ಬಂದು ಅವಳ ಕಿವಿಯ ಹತ್ತಿರ ಬಗ್ಗಿದ.

"ಏನವ್ವಾ ಬೋರಿ, ಎಲ್ಲ ನಿನ್ನೇ ಕಾಯ್ತಾ ಕೂತವ್ರೆ. ಗುಂಡಿ ತೋಡಿ ಆಗೈತೆ."

"ಗೊತ್ತು ಕಣಣ್ಣ."

"ಗೊತ್ತಿದ್ದೂ ಹಿಂಗೆ ಕಲ್ಲು ಕೂತಂಗೆ ಕೂತ್ರೆ?"

"ಒಸಿ ಇರು."

ದೊಡ್ಡಣ್ಣ ಟವೆಲ್ಲನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಜಗಲಿಯ ಆ ಕೊನೆಯ ಕಂಬಕ್ಕೆ ಒರಗಿ ಹನುಮಯ್ಯನ ಹೆಂಡತಿ ಸೀತಾ ಒಬ್ಬಳೇ ಕೂತಿದ್ದಳು. ಅವಳು ನಾಟಕದ ಕಂಪನಿಯಲ್ಲಿ ಸಖಿಯ ಪಾತ್ರ ಮಾಡುತ್ತಿದ್ದವಳು. ಹನುಮಯ್ಯ ಯಾರನ್ನೂ ಕೇಳದೆ ಅವಳಿಗೆ ತಾಳಿ ಕಟ್ಟಿ ಕರೆದುಕೊಂಡು ಬಂದಿದ್ದ. ಬೋರಮ್ಮ ಇಲ್ಲಿಯತನಕ ಅವಳ ಕೈಯಿಂದ ಒಂದು ಲೋಟ ನೀರು ಕುಡಿದಿರಲಿಲ್ಲ. ಅವಳ ಹೆಸರು ಹಿಡಿದು ಕರೆದದ್ದೂ ಇಲ್ಲ, ‘ನಾಟಕದವಳು’ ಅನ್ನುತ್ತಿದ್ದಳು, ಅಷ್ಟೆ.

*

ಒಂಬತ್ತು ವರ್ಷದ ಹಿಂದೆ ಇದೇ ಜಗಲಿಯ ಮೇಲೆ ಅಪ್ಪನನ್ನು ಕೂರಿಸಿದ್ದರು. ಆ ದಿನ ಬೋರಮ್ಮ ಅತ್ತದ್ದನ್ನು ಊರು ಇನ್ನೂ ಮರೆತಿಲ್ಲ. ಸುತ್ತಮುತ್ತ ಅವಳ ಹಾಗೆ ಅಳುವವರೇ ಇರಲಿಲ್ಲ; ಬೋರಮ್ಮ ಬಂದಿದ್ದಾಳಂತೆ ಎಂದರೆ ಅಗ್ರಹಾರ ದಾಸರಹಳ್ಳಿಯಿಂದಲೂ ಹೆಂಗಸರು ಬಂದು ಕೂರುತ್ತಿದ್ದರು. ದನಿ ಒಳ್ಳೆಯದು, ನೆನಪೂ ಗಟ್ಟಿ. ಆದರೆ ಅವಳ ಕಣ್ಣೂ ಚುರುಕು, ಮನೆ ನಡೆಸುವ ಹೆಂಗಸಿನ ಕಣ್ಣು. ಎದೆ ಒಡೆದು ಅಳುವಾಗಲೂ ಅದು ಸುಮ್ಮನಿರುತ್ತಿರಲಿಲ್ಲ.

"ಅಯ್ಯೋ ನನ್ನಪ್ಪಾ, ನನ್ನ ಹೆಗಲ ಮೇಲೆ ಹೊತ್ತು ತಿರುಗಿದ ದೊರೆಯೇ... ಹರವಿರೋ ರಾಗಿಗೆ ಕೋಳಿ ಬಾಯಿ ಹಾಕ್ತೈತೆ ಅಟ್ರೋ ಯಾರಾದ್ರೂ... ನನ್ನ ಬುಟ್ಟು ಎಲ್ಲೋದ್ಯಪ್ಪಾ... ಬಾ ಸಿವಗಂಗೀ, ಮಗೀಗೆ ಜ್ವರ ಬುಡ್ತೇನೇ... ಇನ್ಯಾರ ಕರೀಲಪ್ಪಾ ಅಪ್ಪಾ ಅಂತ..."

ಎಲ್ಲವೂ ಒಂದೇ ರಾಗ. ಕೋಳಿಗೂ ಅದೇ, ಜ್ವರಕ್ಕೂ ಅದೇ, ಅಪ್ಪನಿಗೂ ಅದೇ. ಅವತ್ತು ಯಾರೂ ನಗಲಿಲ್ಲ. ಅಂಥದ್ದು ಎಲ್ಲರ ಮನೆಯಲ್ಲೂ ಇದ್ದದ್ದೇ. ಮಣ್ಣಿಗೆಂದು ತಿಪಟೂರಿನ ಮೊಕ್ಕಾಮಿನಿಂದ ಓಡಿ ಬಂದಿದ್ದ ಹನುಮಯ್ಯ ಮಾತ್ರ ಕಣ್ಣು ಒರೆಸಿಕೊಳ್ಳುತ್ತ ಅಕ್ಕನ ಕಡೆಗೇ ನೋಡುತ್ತಿದ್ದ. ಅವನ ಕಣ್ಣಲ್ಲಿ ನೀರಿತ್ತು, ಆದರೆ ಕಿವಿ ತನ್ನ ಕೆಲಸ ಮಾಡುತ್ತಿತ್ತು.

ಹನ್ನೆರಡರ ವಯಸ್ಸಿಗೇ ಅವನು ಮಾಗಡಿ ರಸ್ತೆಯಲ್ಲಿ ಡೇರೆ ಹಾಕಿದ್ದ ಕಂಪನಿಯ ಹಿಂದೆ ಓಡಿಹೋದವನು. ಮೊದಲು ಚಾಮರ ಬೀಸುವ ಪಾತ್ರ, ಆಮೇಲೆ ಜವಾನನ ಪಾತ್ರ, ಆಮೇಲೆ ಹಾಸ್ಯ. ಬರುಬರುತ್ತ ನಾಟಕವನ್ನೂ ತಾನೇ ಬರೆದ. ಅವನ ‘ಪಟೇಲರ ಛತ್ರಿ’ ದಾವಣಗೆರೆಯಲ್ಲಿ ಎರಡು ತಿಂಗಳು ಆಡಿತು. ಯಜಮಾನ ತೀರಿಕೊಂಡು ಕಂಪನಿ ಮುಚ್ಚಿದಾಗ ಮಿಕ್ಕವರು ಹೋಟೆಲು, ಮಿಲ್ಲು ಎಂದು ಚದುರಿಹೋದರು. ಹನುಮಯ್ಯ ಹಾರ್ಮೋನಿಯಂ ಮಾಸ್ತರ ವೆಂಕಟಗಿರಿಯನ್ನು ಕಟ್ಟಿಕೊಂಡು ಹೊರಟ. ಡೇರೆಯಿಲ್ಲ, ಪಾತ್ರವರ್ಗವಿಲ್ಲ, ಒಬ್ಬನೇ ನಿಂತು ಎರಡೂವರೆ ಗಂಟೆ ಜನರನ್ನು ನಗಿಸುತ್ತಿದ್ದ. ಯಾವ ಊರಿಗೆ ಹೋದರೂ ಮೊದಲು ಕ್ಷೌರದಂಗಡಿಯಲ್ಲಿ ಅರ್ಧ ದಿನ ಕೂತು ಅಲ್ಲಿನ ಶ್ಯಾನುಭೋಗ ಯಾರು, ಜಿಪುಣ ಯಾರು ಎಂದು ಕೇಳಿಕೊಂಡು, ಸಂಜೆ ಅವರನ್ನೇ ವೇದಿಕೆಗೆ ತರುತ್ತಿದ್ದ.

ಆದರೆ ಜನ ಮತ್ತೆ ಮತ್ತೆ ಕೇಳುತ್ತಿದ್ದದ್ದು ಒಂದೇ ಐಟಂ. ಕೊನೆಯಲ್ಲಿ ಅವನು ಟವೆಲ್ಲನ್ನು ತಲೆಯ ಮೇಲೆ ಸೆರಗಿನಂತೆ ಹೊದ್ದು, ಕುಕ್ಕರುಗಾಲಲ್ಲಿ ಕೂತು, ಮೂಗು ಸೀಟಿ, ‘ಅಯ್ಯೋ ನನ್ನಪ್ಪಾ’ ಎಂದು ಶುರುಮಾಡುತ್ತಿದ್ದ. ಕೋಳಿ ಬರುತ್ತಿತ್ತು, ನೆರೆಮನೆಯ ಶಿವಗಂಗಮ್ಮನ ಮಗುವಿನ ಜ್ವರ ಬರುತ್ತಿತ್ತು. ಹೆಸರನ್ನೂ ಬದಲಾಯಿಸಿರಲಿಲ್ಲ. ಕರಪತ್ರದಲ್ಲೇ ಅಚ್ಚಾಗಿರುತ್ತಿತ್ತು: ಬೋರಕ್ಕನ ಅಳು.

ಕೆಂಗೇರಿಯಲ್ಲಿ ಅವನ ಕಾರ್ಯಕ್ರಮ ನಡೆದ ಮಾರನೆಯ ದಿನ ಬೋರಮ್ಮ ಬಾವಿಗೆ ಹೋದಾಗ ಹುಡುಗಿಯರು ಕೊಡ ಕೆಳಗಿಟ್ಟು ನಕ್ಕರು. ಸಂತೆಯಲ್ಲಿ ಅವರೆಕಾಯಿ ಮಾರುವವನು "ಬೋರಕ್ಕಾ, ಒಂದ್ ಸಲ ಅತ್ತು ತೋರ್ಸು, ಕೊಸರು ಹಾಕ್ತೀನಿ" ಎಂದ. ಆಚೆ ಮನೆಯ ಅಜ್ಜಿ ಸತ್ತಾಗ ಅಳಲು ಹೋಗಿ ಬಾಯಿ ತೆರೆದರೆ, ಸುತ್ತ ಕೂತ ಹೆಂಗಸರು ಸೆರಗನ್ನು ಬಾಯಿಗೆ ತುರುಕಿಕೊಂಡರು. ಅಂದಿನಿಂದ ಬೋರಮ್ಮ ಸಾವಿನ ಮನೆಯಲ್ಲಿ ಬಾಯಿ ಬಿಟ್ಟಿಲ್ಲ. ಎರಡು ವರ್ಷದ ಕೆಳಗೆ ಸ್ವಂತ ಗಂಡ ಸತ್ತಾಗಲೂ ಹಲ್ಲು ಕಚ್ಚಿ ಕೂತಿದ್ದಳು. ಗಂಡನಿಗಾಗಿ ಅಳದ ಹೆಂಗಸು ಎಂಬ ಮಾತನ್ನೂ ಹೊತ್ತುಕೊಂಡಳು.

*

"ಆಣೆ ಮಾಡವ್ಳೆ ಕಣವ್ವ, ಹೆಂಗೆ ಅತ್ತಾಳು?" ಎಂದು ಶಿವಗಂಗಮ್ಮ ಪಕ್ಕದವಳಿಗೆ ಪಿಸುಗುಟ್ಟಿದ್ದು ಬೋರಮ್ಮನಿಗೆ ಕೇಳಿಸಿತು.

ಆಣೆ ಮಾಡಿದ್ದು ನಿಜ. ಐದು ವರ್ಷದ ಹಿಂದೆ ದೊಡ್ಡಣ್ಣನ ಮಗಳ ಮದುವೆ. ಹನುಮಯ್ಯ ಚಪ್ಪರದೊಳಕ್ಕೆ ಬಂದದ್ದೇ ತಡ, ಬೋರಮ್ಮ ನೆಂಟರಿಷ್ಟರೆಲ್ಲರ ಮುಂದೆ ಎದ್ದು ನಿಂತಿದ್ದಳು. "ಅಪ್ಪನ ಹೆಣ ತೋರ್ಸಿ ಹೊಟ್ಟೆ ಹೊರ್ಕೊಂಡ ನಾಯಿ! ಒಡಹುಟ್ಟಿದೋಳ ಮಾನಾನ ಬೀದೀಲಿ ಹರಾಜು ಹಾಕ್ದೆಯಲ್ಲೋ! ನಾಳೆ ನೀನು ಸತ್ರೆ ನಿನ್ನ ಹೆಣದ ಮುಂದೆ ಈ ಬಾಯಿ ತೆರೆಯಾಕಿಲ್ಲ, ತಿಳ್ಕೊ!" ಓಲಗದವರು ಊದುವುದನ್ನು ನಿಲ್ಲಿಸಿದ್ದರು. ಯಾರೇ ಏನಂದರೂ ಅಲ್ಲೇ ಎದುರುತ್ತರ ಕೊಡುತ್ತಿದ್ದ ಹನುಮಯ್ಯ ಅವತ್ತು ತಲೆ ತಗ್ಗಿಸಿಕೊಂಡು ನಿಂತ. ಊಟಕ್ಕೂ ನಿಲ್ಲದೆ ಹೆಂಡತಿಯನ್ನು ಕರೆದುಕೊಂಡು ಹೊರಟುಹೋದ.

ಕಾಯಿಲೆ ಬಿದ್ದು ಊರಿಗೆ ಬಂದ ಮೇಲೆ ಎರಡು ಸಲ ಹೇಳಿಕಳಿಸಿದ್ದ, ಅಕ್ಕ ಒಂದು ಸಲ ಬಂದುಹೋಗಲಿ ಎಂದು. ಅವಳು ಬರಲಿಲ್ಲ.

ದೊಡ್ಡಣ್ಣ ಮತ್ತೆ ಬಂದ. ಈ ಸಲ ದನಿ ತಗ್ಗಿಸಲಿಲ್ಲ. "ಆಣೆಗೀಣೆ ಎಲ್ಲ ಬದುಕಿರೋರಿಗೆ ಕಣೇ. ಬಾಯಿ ಬುಡು."

"ಏ, ಸುಮ್ಕಿರಿ ನೀವು," ಎಂದು ಅವನ ಹೆಂಡತಿ ಮುನಿತಾಯಮ್ಮ ಅಡ್ಡ ಬಂದಳು. ಬೋರಮ್ಮನ ಪಕ್ಕ ಕೂತು ಹೆಗಲ ಮೇಲೆ ಕೈಯಿಟ್ಟಳು. "ಅವ್ಳ ಸಂಕಟ ಅವ್ಳಿಗೆ ಗೊತ್ತು. ಸತ್ತೋನು ಅಂತ ಅವ್ನು ಮಾಡಿದ್ದು ಇಲ್ಲ ಅಂತ ಆಗೋಯ್ತದಾ? ಬೋರಮ್ಮಾ, ನೀನೇನೂ ನೊಂದ್ಕೋಬೇಡ. ನಾನೇ ದನಿ ಎತ್ತೀನಿ. ಯಾರೂ ನಿನ್ನ ತಪ್ಪು ಅನ್ನಾಕಿಲ್ಲ."

ಸುತ್ತಲಿನ ಹೆಂಗಸರು ಹೌದು ಹೌದು ಎಂದು ತಲೆದೂಗಿದರು. ಪಾಪ, ಎಷ್ಟು ನೊಂದಿದ್ದಾಳೋ ಎಂದರು. ಆ ಒಂದೊಂದು ಮಾತೂ ಬೋರಮ್ಮನ ಮೈಮೇಲೆ ಕೆಂಡ ಬಿದ್ದಂತೆ ಬಿತ್ತು. ಮುಖ ತೊಳೆದು ಬರುತ್ತೇನೆಂದು ಅವಳು ಎದ್ದು ಹಿತ್ತಲಿಗೆ ಹೋದಳು.

*

ಯಾರಿಗೂ ಗೊತ್ತಿಲ್ಲದ ಮಾತೊಂದು ಅವಳ ಹೊಟ್ಟೆಯಲ್ಲಿ ಐದು ವರ್ಷದಿಂದ ಕೂತಿತ್ತು.

ಕೆಂಗೇರಿಯ ಸಂತೆ ಮೈದಾನದಲ್ಲಿ ಹನುಮಯ್ಯನ ಕಾರ್ಯಕ್ರಮ ನಡೆದ ಆ ಸಂಜೆ, ತಾನು ಹೋಗುವುದಿಲ್ಲ ಎಂದು ಬೋರಮ್ಮ ಗಂಡನಿಗೂ ಓರಗಿತ್ತಿಗೂ ಹೇಳಿದ್ದಳು. ಅವರೆಲ್ಲ ಹೋದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ಓರಗಿತ್ತಿಯ ಹಳೆಯ ಸೀರೆ ಉಟ್ಟು, ತಲೆತುಂಬ ಸೆರಗು ಹೊದ್ದು, ಹೆಂಗಸರಿಗೆಂದು ಕಟ್ಟಿದ್ದ ತೆಳ್ಳನೆಯ ಬಟ್ಟೆಯ ಕನಾತಿನ ಹಿಂದೆ ಕಟ್ಟಕಡೆಯಲ್ಲಿ ಕೂತಳು. ತಮ್ಮ ತನ್ನನ್ನು ಏನು ಮಾಡಿದ್ದಾನೆ ಎಂದು ನೋಡಿ, ಬೈಯುವುದಕ್ಕೆ ಮಾತು ಕೂಡಿಸಿಕೊಂಡು ಬರಬೇಕೆಂದೇ ಹೋದವಳು.

ಅವನು ಟವೆಲ್ಲು ಹೊದ್ದು ಕೂತ. ಮೂಗು ಸೀಟಿದ. ಕೋಳಿ ಅಟ್ಟಿದ. ಬೋರಮ್ಮ ಮೊದಲು ತುಟಿ ಕಚ್ಚಿಕೊಂಡಳು. ಆಮೇಲೆ ಸೆರಗು ಕಚ್ಚಿಕೊಂಡಳು. ಶಿವಗಂಗಿಯ ಮಗುವಿನ ಜ್ವರ ಬಂದಾಗ ಅವಳಿಂದ ಆಗಲೇ ಇಲ್ಲ. ಪಕ್ಕದ ಗುರುತಿಲ್ಲದ ಹೆಂಗಸಿನ ತೊಡೆಗೆ ಹೊಡೆದು ಹೊಡೆದು, ದನಿಯಿಲ್ಲದೆ, ಮೈಯೆಲ್ಲ ಕುಲುಕಿಸಿಕೊಂಡು ನಕ್ಕಳು. ಅಪ್ಪ ಸತ್ತ ಮೇಲೆ ಅವಳು ಹಾಗೆ ನಕ್ಕಿರಲಿಲ್ಲ. ತಾನು ಹಾಗೇ ಇದ್ದೇನಲ್ಲ, ಅಪ್ಪನೂ ನೋಡಿದ್ದರೆ ಹೀಗೇ ನಗುತ್ತಿದ್ದನಲ್ಲ ಅನ್ನಿಸಿ ಇನ್ನೂ ನಗು ಬಂತು.

ಮಾರನೆಯ ದಿನ ಬಾವಿಯ ಹತ್ತಿರ ಹುಡುಗಿಯರು ನಕ್ಕಾಗ ಆ ನಗುವೆಲ್ಲ ವಿಷವಾಯಿತು. ಊರು ನಕ್ಕದ್ದಕ್ಕೆ ಅವಳಿಗೆ ಸಿಟ್ಟು ಬಂತು, ತಾನು ನಕ್ಕದ್ದಕ್ಕೆ ನಾಚಿಕೆಯಾಯಿತು. ಅಪ್ಪನ ಹೆಣದ ಮುಂದಿನ ಅಳುವನ್ನು ನೋಡಿ ನಕ್ಕ ಮಗಳು ಎಂದು ಯಾರಿಗಾದರೂ ತಿಳಿದರೆ? ಆ ನಾಚಿಕೆಯನ್ನು ಮುಚ್ಚಿಕೊಳ್ಳಲು ಸಿಟ್ಟನ್ನು ದೊಡ್ಡದು ಮಾಡಿದಳು. ಮದುವೆ ಚಪ್ಪರದಲ್ಲಿ ಎದ್ದು ನಿಂತದ್ದು ಆ ಸಿಟ್ಟು.

*

ಹಿತ್ತಲ ತೊಟ್ಟಿಯ ಹತ್ತಿರ ಅವಳು ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದಾಗ, ಹುಲ್ಲಿನ ಮೆದೆಯ ಪಕ್ಕದಿಂದ ಮಾಸಿದ ಕೋಟು ತೊಟ್ಟ ಮುದುಕನೊಬ್ಬ ಎದ್ದು ಬಂದು ಕೈಮುಗಿದ. ಹಾರ್ಮೋನಿಯಂ ಮಾಸ್ತರ ವೆಂಕಟಗಿರಿ. ಸುದ್ದಿ ಕೇಳಿ ಬಸ್ಸಿಗೆ ಬಂದವನು ಜಗಲಿಯ ಹತ್ತಿರ ಹೋಗಲು ಸಂಕೋಚಪಟ್ಟು ಇಲ್ಲಿ ಕೂತಿದ್ದ.

"ತಾವು ಬೋರಮ್ಮನವರಲ್ವೇ? ನೋಡಿದ ಕೂಡ್ಲೇ ಗೊತ್ತಾಯ್ತು ತಾಯಿ. ಹದಿನೆಂಟು ವರ್ಷ ಅವನ ಹಿಂದೆ ಪೆಟ್ಟಿಗೆ ಬಾರಿಸಿದೀನಿ. ದಿನಾ ನಿಮ್ಮ ಮಾತೇ."

"ನನ್ನ ಆಡ್ಕೊಂಡು ನಗೋ ಮಾತು ತಾನೆ?" ಎಂದಳು ಬೋರಮ್ಮ ಗಡುಸಾಗಿ.

"ಇಲ್ಲಮ್ಮ, ದೇವರಾಣೆ ಇಲ್ಲ." ಮುದುಕ ಗಾಬರಿಯಾದ. "ಕೆಂಗೇರೀಲಿ ನೀವು ಬಂದಿದ್ರಲ್ಲ, ಅವತ್ತು ಅವನು ಕುಣಿದಾಡಿದ್ದು ನೀವು ನೋಡ್ಬೇಕಿತ್ತು."

ಬೋರಮ್ಮನ ಕೈಯಲ್ಲಿದ್ದ ನೀರು ಬೆರಳ ಸಂದಿಯಿಂದ ಸೋರಿಹೋಯಿತು.

"ನಾನು ಬಂದಿದ್ದು... ಯಾರು ಹೇಳಿದ್ರು?"

"ಅವನೇ ನೋಡ್ದ. ಕನಾತು ಗಾಳಿಗೆ ಸರಿದಾಗ ನೋಡ್ಬಿಟ್ಟ. ಒಳಗೆ ಬಂದೋನೇ ನನ್ನ ತಬ್ಕೊಂಡು, ‘ಮೇಷ್ಟ್ರೇ, ನಮ್ಮಕ್ಕ ನಕ್ಲು! ಪಕ್ಕದೋಳ ತೊಡೆಗೆ ಹೊಡೆದು ಹೊಡೆದು ನಕ್ಲು! ಊರು ನಗದಿದ್ರೂ ಇನ್ನು ಚಿಂತೆಯಿಲ್ಲ’ ಅಂದ. ಎಳೇ ಮಗು ಥರ ಕಣ್ಣೀರು ಹಾಕ್ದ ತಾಯಿ."

ಬೋರಮ್ಮ ಒದ್ದೆ ಮುಖವನ್ನು ಸೆರಗಿನಲ್ಲಿ ಒರೆಸಿಕೊಂಡಳು.

"ಅದ್ಯಾಕೋ ಕಾಣೆ, ಯಾವುದೋ ಮದುವೆಗೆ ಹೋಗಿ ಬಂದ್ಮೇಲೆ ಆ ಐಟಂ ನಿಲ್ಲಿಸ್ಬಿಟ್ಟ. ಜನ ಬೋರಕ್ಕ ಬೇಕು ಬೇಕು ಅಂತ ಕೂಗೋರು. ‘ಮರೆತುಹೋಗಿದೆ ಸ್ವಾಮಿ’ ಅಂತ ಕೈಮುಗಿಯೋನು. ಅದಿಲ್ಲ ಅಂದ್ಮೇಲೆ ನಮ್ಮನ್ನ ಕರೆಯೋರೂ ಕಮ್ಮಿಯಾದ್ರು. ಯಾಕಪ್ಪಾ ಅಂತ ನಾನೂ ಕೇಳ್ದೆ. ಬಾಯಿ ಬಿಡಲಿಲ್ಲ."

ಮುದುಕ ಇನ್ನೂ ಏನೋ ಹೇಳುತ್ತಿದ್ದ. ಬೋರಮ್ಮನಿಗೆ ಕೇಳಿಸಲಿಲ್ಲ. ಅವಳ ಕಣ್ಣ ಮುಂದೆ ಇದ್ದದ್ದು ಮದುವೆಯ ಚಪ್ಪರ. ಅಷ್ಟು ಜನರ ಮುಂದೆ ಅವಳು ನಾಯಿ ಎಂದಾಗ, ‘ನೀನೂ ನಕ್ಕಿದ್ದೆಯಲ್ಲೇ ಅಕ್ಕ’ ಎಂದು ಒಂದೇ ಒಂದು ಮಾತು ಹೇಳಿದ್ದರೆ ಅವಳ ಬಾಯಿ ಅಲ್ಲೇ ಮುಚ್ಚಿಹೋಗುತ್ತಿತ್ತು. ಚಪ್ಪರಕ್ಕೆ ಚಪ್ಪರವೇ ನಗುತ್ತಿತ್ತು. ಅದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಯಾವ ಮಾತಿಗೆ ಎಷ್ಟು ನಗು ಎಂದು ಅಳೆದು ಬದುಕಿದವನು. ಆದರೂ ಆ ಮಾತನ್ನು ನುಂಗಿ, ತಲೆ ತಗ್ಗಿಸಿ ಹೋಗಿದ್ದ. ಅವಳ ಗುಟ್ಟನ್ನು ಕಾದಿದ್ದ.

ಥೂ ನನ್ನ ಜನ್ಮಕ್ಕೆ, ಎಂದುಕೊಂಡಳು ಬೋರಮ್ಮ.

*

ಅಂಗಳಕ್ಕೆ ಮರಳಿದಾಗ ಬಿದಿರಿನ ಚಟ್ಟ ಕಟ್ಟಿ ಮುಗಿದಿತ್ತು. ಮುನಿತಾಯಮ್ಮ ಹೆಣದ ಕಾಲ ಬಳಿ ಕೂತು, ಗಂಟಲು ಸರಿಮಾಡಿಕೊಂಡು, ದನಿ ಎತ್ತಲು ಸಿದ್ಧವಾಗಿದ್ದಳು. ಬೋರಮ್ಮ ಸುಮ್ಮನೆ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ನೊಂದ ಹೆಣ್ಣುಮಗಳು, ಮಾತಿಗೆ ತಪ್ಪದವಳು ಎಂದು ಜನ ಗೌರವದಿಂದಲೇ ಅವಳನ್ನು ಗಾಡಿ ಹತ್ತಿಸಿ ಕಳಿಸುತ್ತಿದ್ದರು.

"ಏಳತ್ಗೆ," ಎಂದಳು ಬೋರಮ್ಮ. "ಅದು ನನ್ನ ಜಾಗ."

ಮುನಿತಾಯಮ್ಮ ಪಕ್ಕಕ್ಕೆ ಸರಿದಳು. ಬೋರಮ್ಮ ಕುಕ್ಕರುಗಾಲಲ್ಲಿ ಕೂತು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಮೂಗು ಕಟ್ಟಿತ್ತು, ಸೀಟಿದಳು.

"ಅಯ್ಯೋ ನನ್ನ ತಮ್ಮಾ..."

ಹಿಂದೆ ಎಲ್ಲೋ ಒಬ್ಬ ಕಿಸಕ್ಕೆಂದ. ಅವನ ಹಿಂದೆ ಇನ್ನೊಬ್ಬ. ಗಂಡಸರ ಗುಂಪಿನಲ್ಲಿ ಕೆಮ್ಮು ಶುರುವಾಯಿತು, ಹೆಂಗಸರ ಸೆರಗುಗಳು ಬಾಯಿಗೆ ಹೋದವು. ದೊಡ್ಡಣ್ಣ "ಥೂ, ಹಾಳಾದವ್ರಾ!" ಎಂದು ಗದರಿದ. ಬೋರಮ್ಮ ತಲೆಯೆತ್ತಲಿಲ್ಲ, ನಿಲ್ಲಿಸಲೂ ಇಲ್ಲ.

"ನಗಲಿ ಬುಡೋ ತಮ್ಮಾ, ನಗೋರು ನಗಲಿ ಬುಡೋ... ನಿನ್ನಕ್ಕನೂ ನಕ್ಕಿದ್ಲಲ್ಲೋ, ಕನಾತಿನ ಹಿಂದೆ ಕೂತು ನಕ್ಕಿದ್ಲಲ್ಲೋ... ಬೇರೇರ ಸೀರೆ ಉಟ್ಕೊಂಡು ಕಳ್ಳಿ ಹಂಗೆ ಬಂದಿದ್ನಲ್ಲೋ... ಹೊಟ್ಟೆ ತುಂಬ ನಕ್ಕು ಬಂದು, ಅದೇ ಬಾಯಾಗೆ ನಿನ್ನ ನಾಯಿ ಅಂದ್ನಲ್ಲೋ..."

ಕೆಮ್ಮು ನಿಂತಿತು.

"ನೀ ನೋಡಿದ್ಯಂತಲ್ಲೋ ನನ್ನ ಕೂಸೇ... ನೋಡಿದ್ದೂ ಹೇಳಲಿಲ್ವಲ್ಲೋ... ಚಪ್ಪರದಾಗೆ ನನ್ನ ಮಾನ ಉಳಿಸ್ಬುಟ್ಟು ನಿನ್ನ ಮಾನ ಕಳ್ಕೊಂಡ್ಯಲ್ಲೋ... ನನ್ನ ಸಲುವಾಗಿ ಹೊಟ್ಟೆಪಾಡು ಬುಟ್ಯಲ್ಲೋ... ಎರಡು ಸಲ ಹೇಳಿ ಕಳಿಸ್ದೆ, ಬರಲಿಲ್ವಲ್ಲೋ ಈ ಪಾಪಿ... ಈಗ ಬಂದಿವ್ನಿ, ಒಂದು ಮಾತು ಬೈಯೋ ತಮ್ಮಾ... ನಿನ್ನಕ್ಕ ಸುಳ್ಳಿ ಕಣೋ..."

ದನಿ ಒಡೆಯಿತು. ಒಡೆದ ದನಿಯಲ್ಲೇ ಅವಳು ಮತ್ತೊಂದು ಸಲ ತಮ್ಮಾ ಎಂದಳು.

ಈಗ ಮಿಕ್ಕ ಹೆಂಗಸರು ದನಿಗೂಡಿಸಬೇಕಿತ್ತು. ಯಾರೂ ಕೂಡಿಸಲಿಲ್ಲ. ಮುನಿತಾಯಮ್ಮ ಬೋರಮ್ಮನ ಹೆಗಲ ಮೇಲೆ ಇಡಲು ಹೋದ ಕೈಯನ್ನು ತನ್ನ ಮಡಿಲಿಗೆ ವಾಪಸು ತೆಗೆದುಕೊಂಡಳು. ಐದು ವರ್ಷ ಅವಳ ಪರವಾಗಿ ಹನುಮಯ್ಯನನ್ನು ಬೈದವರು, ಅವನು ಬಂದರೆ ಮುಖ ತಿರುಗಿಸಿದವರು ಎಲ್ಲ ಅಲ್ಲಿ ಕೂತಿದ್ದರು. ಶಿವಗಂಗಮ್ಮ ನೆಲ ನೋಡುತ್ತಿದ್ದಳು. ದೊಡ್ಡಣ್ಣ ತಂಗಿಯ ಕಡೆ ಒಂದು ಸಲ ನೋಡಿ, ಹೆಣ ಎತ್ತುವವರಿಗೆ ಕೈಸನ್ನೆ ಮಾಡಿದ.

ಅತ್ತು ಮುಗಿಸಿದ ಹೆಣ್ಣುಮಗಳನ್ನು ರಟ್ಟೆ ಹಿಡಿದು ಎಬ್ಬಿಸಿ ಒಳಗೆ ಕರೆದೊಯ್ಯುವುದು ಹೆಂಗಸರ ಕೆಲಸ. ತಾನಾಗಿ ಎದ್ದರೆ ಅವಳಿಗೆ ಯಾರೂ ಇಲ್ಲ ಎಂದು ಅರ್ಥ. ಬೋರಮ್ಮ ಕಾದಳು. ನಾಲ್ಕು ಜನ ಹನುಮಯ್ಯನನ್ನು ಜಗಲಿಯಿಂದ ಇಳಿಸಿ ಚಟ್ಟಕ್ಕೆ ಹಾಕಿದರು, ಹಗ್ಗ ಬಿಗಿದರು, ಹೆಗಲಿಗೆ ಎತ್ತಿಕೊಂಡರು. ಯಾರೂ ಅವಳ ಹತ್ತಿರ ಬರಲಿಲ್ಲ. ಕೊನೆಗೆ ಅವಳೇ ನೆಲಕ್ಕೆ ಅಂಗೈ ಊರಿ ಏಳಲು ನೋಡಿದಳು. ಆಗಲಿಲ್ಲ. ಮತ್ತೆ ಕೂತಳು.

ಆಗ ಹಿಂದಿನಿಂದ ಎರಡು ಕೈ ಅವಳ ಕಂಕುಳಡಿಗೆ ಬಂದವು.

"ಏಳಿ ಅಕ್ಕಾ," ಎಂದಳು ಸೀತಾ. "ಬಿಸಿಲಿದೆ."

ಸಂಜೆ ಒಡೆಯಬೇಕಾಗಿದ್ದ ಅವಳ ಹಸಿರು ಗಾಜಿನ ಬಳೆಗಳು ಬೋರಮ್ಮನ ರಟ್ಟೆಗೆ ನೋವಾಗುವ ಹಾಗೆ ಒತ್ತಿಕೊಂಡವು. ಬೋರಮ್ಮ ಕೊಸರಿಕೊಳ್ಳಲಿಲ್ಲ. ತನ್ನ ಭಾರವನ್ನೆಲ್ಲ ಅವಳ ಕೈಗೆ ಬಿಟ್ಟು ಎದ್ದು ನಿಂತಳು.